ಸೀಟಿನ ಕೆಳಗಿನ ಪಟ್ಟಿ

“ಕೂತು ನೋಡಿ ತಂಗಿ, ಕೂತರೇ ಗೊತ್ತಾಗೋದು. ಶಬ್ದ ಅಂತ ಒಂದು ಇಲ್ಲವೇ ಇಲ್ಲ. ಪಕ್ಕದಲ್ಲಿ ಮಲಗಿರೋ ಬೆಕ್ಕಿಗೂ ಎಚ್ಚರ ಆಗಲ್ಲ!”

ಟೂರ್ಗೇರ್ ಗಾಡಿಯ ಸೀಟನ್ನು ಅಂಗೈಯಿಂದ ತಟ್ಟಿದ. ಕೊಟ್ಟಿಗೆಯ ಅರೆತೆರೆದ ಬಾಗಿಲಿನಿಂದ ಅಕ್ಟೋಬರಿನ ಬಿಳಿಚಿದ ಬಿಸಿಲು ಒಳಗೆ ಬಿದ್ದಿತ್ತು. ಸ್ವಾನ್‌ಹಿಲ್ ಕೂರಲಿಲ್ಲ. ಅವಳ ಕಣ್ಣು ಬಲಗಡೆಯ ಮಡ್‌ಗಾರ್ಡಿನ ಮೇಲಿತ್ತು. ಮೀನುಂಡೆಯ ಖಾಲಿ ಡಬ್ಬಿಯೊಂದನ್ನು ಯಾರೋ ಅಲ್ಲಿ ಬೋಲ್ಟು ಹಾಕಿ ಕೂರಿಸಿದ್ದರು. ಕಾಫಿ ಲೋಟ ಇಡುವುದಕ್ಕೆ.

ಯಾರೋ ಏನು, ಎಂಬ್ರಿಕ್. ಅವಳ ಗಂಡ.

ಟೂರ್ಗೇರ್ ಹಾಕಿದ ಮಾರಾಟದ ಜಾಹೀರಾತಿನ ಚಿತ್ರದಲ್ಲಿ ಕಂಡದ್ದು ಇದೇ ಡಬ್ಬಿ. ಚಳಿಗಾಲ ಹತ್ತಿರ ಬರುತ್ತಿತ್ತು. ಗಂಡ ಹೋದಮೇಲೆ ಸರೋವರದ ದಂಡೆಯ ರಸ್ತೆಯಲ್ಲಿ ಹಿಮ ತಳ್ಳುವ ಕೆಲಸ ಅವಳ ತಲೆಗೇ ಬಂದಿತ್ತು. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ, ಚಳಿಗಾಲದಲ್ಲಿ ಹಿಮ ತಳ್ಳುವಂಥ, ಯಾರಾದರೂ ಬಳಸಿ ಬಿಟ್ಟ ಎಲೆಕ್ಟ್ರಿಕ್ ಗಾಡಿ ಸಿಕ್ಕೀತೇ ಎಂದು ಹುಡುಕುತ್ತಿದ್ದವಳಿಗೆ ಆ ಡಬ್ಬಿ ಸಿಕ್ಕಿತ್ತು.

ಕಳೆದ ಜನವರಿಯ ಒಂದು ಬೆಳಿಗ್ಗೆ ಎಂಬ್ರಿಕ್ ಇದೇ ಗಾಡಿಯ ಮೇಲೆ ಹೋಗಿ, ತಿರುವಿನಲ್ಲಿ ದಾರಿ ತಪ್ಪಿ, ಮಂಜುಗಡ್ಡೆ ಒಡೆದುಕೊಂಡು ಸರೋವರದಲ್ಲಿ ಮುಳುಗಿದ ಎಂದು ಪೊಲೀಸರು ತೀರ್ಮಾನಿಸಿದ್ದರು. ದೇಹವೂ ಸಿಕ್ಕಿರಲಿಲ್ಲ, ಗಾಡಿಯೂ ಸಿಕ್ಕಿರಲಿಲ್ಲ. ಅವನನ್ನು ಮುಳುಗಿಸಿದ ಆರೋಪ ಹೊತ್ತು ಸ್ವಾನ್‌ಹಿಲ್‌ಳ ಒಡಹುಟ್ಟಿದ ತಮ್ಮ ಹಾಲ್ವಾರ್ ಜೈಲಿನಲ್ಲಿ ಕೂತಿದ್ದ. ಸೋಮವಾರ ವಿಚಾರಣೆ ಶುರುವಾಗಲಿತ್ತು. ಇವತ್ತು ಶನಿವಾರ.

“ಬ್ಯಾಟರಿ ಎಷ್ಟು ವರ್ಷದ್ದು?”

ಕೇಳಿದ್ದು ಗುನ್ವೋರ್. ಪೊಲೀಸ್ ತನಿಖೆಯ ಕೆಲಸದಲ್ಲೇ ತಲೆ ನರೆತು ಈ ವಸಂತದಲ್ಲಿ ನಿವೃತ್ತಳಾದವಳು, ಸ್ವಾನ್‌ಹಿಲ್ ಕೇಳಿಕೊಂಡದ್ದಕ್ಕೆ ಜೊತೆಗೆ ಬಂದಿದ್ದಳು. ಟೂರ್ಗೇರನಿಗೆ ಮಾತ್ರ ತಾನು ಸ್ವಾನ್‌ಹಿಲ್‌ಳ ದೊಡ್ಡಮ್ಮನ ಮಗಳೆಂದಷ್ಟೇ ಹೇಳಿಕೊಂಡಿದ್ದಳು, ಇಬ್ಬರ ಹೆಸರನ್ನೂ ಹೇಳಿರಲಿಲ್ಲ.

“ಹೊಚ್ಚ ಹೊಸದು ಅಕ್ಕಾ. ಬೇಸಿಗೇಲಿ ಹಾಕಿಸಿದ್ದು. ಒಂದು ಸಲ ಚಾರ್ಜ್ ಮಾಡಿದ್ರೆ ಚರ್ಚಿನ ಅಂಗಳದಷ್ಟು ಹುಲ್ಲು ಕತ್ತರಿಸಬಹುದು.”

“ಹುಲ್ಲಿನ ಮಾತು ಬಿಡಿ. ಒದ್ದೆ ಹಿಮ ತಳ್ಳತ್ತಾ? ಚಳಿ ಜೋರಾದ್ರೆ ಬ್ಯಾಟರಿ ದಾರಿ ಮಧ್ಯದಲ್ಲೇ ಕೈಕೊಡತ್ತಲ್ಲ?”

“ಬೆಚ್ಚಗಿರೋ ಜಾಗದಲ್ಲಿ ನಿಲ್ಸಿ ಚಾರ್ಜಿಗೆ ಹಾಕ್ಬೇಕು, ಅಷ್ಟೇ. ಬ್ಯಾಟರೀನ ಕೂಸಿನ ಥರ ನೋಡ್ಕೊಂಡ್ರೆ ಅದೂ ನಿಮ್ಮನ್ನ ನೋಡ್ಕೊಳ್ಳತ್ತೆ. ಇಗೋ, ಮುಂದೆ ಹಿಮ ತಳ್ಳೋ ಹಲಗೆ. ಇಗೋ, ಚಕ್ರಕ್ಕೆ ಚೈನು. ಇನ್ನೇನು ಬೇಕು ಹೇಳಿ?”

“ಮೊದಲು ಯಾರ ಹತ್ರ ಇತ್ತು?”

“ಹಲ್ಲಿನ ಡಾಕ್ಟರು ಒಬ್ಬರು. ಬೇಸಿಗೆ ಮನೆ ಇಟ್ಕೊಂಡಿದ್ರು. ಹುಲ್ಲು ಬಿಟ್ಟು ಬೇರೆ ಏನಕ್ಕೂ ಬಳಸಿಲ್ಲ. ಹಿಮ ಅಂದ್ರೇನು ಅಂತಾನೇ ಈ ಗಾಡಿಗೆ ಗೊತ್ತಿಲ್ಲ ನೋಡಿ.”

ಗುನ್ವೋರ್ ಬಗ್ಗಿ ಗಾಡಿಯ ಹೊಟ್ಟೆಯ ಕೆಳಗೆ ನೋಡಿದಳು. “ಹುಲ್ಲು ಕತ್ತರಿಸೋ ಪೆಟ್ಟಿಗೆ ಎಲ್ಲಿ?”

“ಅದಾ... ಅದು ಸಾಣೆ ಹಿಡಿಸೋಕೆ ಕೊಟ್ಟಿದೀನಿ.”

ಸ್ವಾನ್‌ಹಿಲ್ ಟೂರ್ಗೇರನತ್ತ ನೋಡಿದಳು. ಆ ಪೆಟ್ಟಿಗೆ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಹೋದ ವರ್ಷ ಇದೇ ಕಾಲದಲ್ಲಿ, ಹಿಮದ ಹಲಗೆ ಕೂರಿಸುವ ಮೊದಲು, ಎಂಬ್ರಿಕ್ ಅದನ್ನು ಬಿಚ್ಚಿ, ಅಂಟಿದ ಹುಲ್ಲು ಕೆರೆದು, ತಮ್ಮ ಮನೆಯ ಕೊಟ್ಟಿಗೆಯಲ್ಲಿ ಬೋರಲು ಹಾಕಿದ್ದ. ಅದು ಇನ್ನೂ ಅಲ್ಲೇ ಇದೆ. ಅದರ ಮೇಲೆ ಮಗಳ ಹಳೆಯ ಬೂಟುಗಳಿವೆ.

“ಒಳ್ಳೇ ಡಾಕ್ಟರು,” ಎಂದಳು ಗುನ್ವೋರ್. “ಹುಲ್ಲಿಗೇ ಅಂತ ಇಟ್ಕೊಂಡ ಗಾಡೀಲಿ ಹುಲ್ಲಿನ ಪೆಟ್ಟಿಗೆ ಇಲ್ಲ. ಹಿಮ ಕಾಣದ ಗಾಡಿಗೆ ಚೈನು ಇದೆ. ಹುಲ್ಲನ್ನೇನು ಅವರು ಹಲ್ಲಲ್ಲೇ ಕಡೀತಿದ್ರಾ?”

ಟೂರ್ಗೇರ್ ಜೋರಾಗಿ ನಕ್ಕ. ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ನಕ್ಕ. “ನಿಮ್ಮ ಅಕ್ಕ ಭಾರಿ ತಮಾಷೆಯವರು ಕಣ್ರೀ. ಬನ್ನಿ, ಫ್ಲಾಸ್ಕಲ್ಲಿ ಕಾಫಿ ಇದೆ, ನಿಮ್ಮತ್ತಿಗೆ ಮಾಡಿದ ವಾಫಲ್ ಇದೆ.”

“ಕಾಫಿ ಆಮೇಲೆ.”

ಗುನ್ವೋರ್ ಬ್ಯಾಟರಿಯ ಮುಚ್ಚಳ ಎತ್ತಿದಳು. ಟಾರ್ಚು ಹೊತ್ತಿಸಿ, ಬ್ಯಾಟರಿ ಕೂರುವ ತಟ್ಟೆಯ ಮೂಲೆಯೊಳಗೆ ಎರಡು ಬೆರಳು ತೂರಿಸಿ ಏನನ್ನೋ ಕೆರೆದು ತೆಗೆದಳು. ಅಂಗೈ ಚಾಚಿದಳು. ಮರಳಿನ ಕಾಳುಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಕೊಳವೆ.

“ಇದೇನು ಹೇಳಿ?”

ಟೂರ್ಗೇರ್ ಬಗ್ಗಿ ನೋಡಿದ. ಸರೋವರದಲ್ಲಿ ಬಲೆ ಹಾಕುವವನಿಗೆ ಅದೇನೆಂದು ಹೇಳಿಕೊಡಬೇಕಾಗಿರಲಿಲ್ಲ. ನೀರಹುಳುವಿನ ಗೂಡು. ಟ್ರೌಟ್ ಮೀನಿನ ಹೊಟ್ಟೆ ಸೀಳಿದಾಗ ಸಿಗುವಂಥದ್ದು.

“ಇದು ನೀರಿನ ತಳದಲ್ಲಿ ಇರೋ ಹುಳ. ಹಲ್ಲಿನ ಡಾಕ್ಟರ ಹುಲ್ಲಿನ ಮೇಲೆ ಇದು ಹೇಗೆ ಬಂತು? ಹಾರಿಕೊಂಡು ಬಂತಾ?”

“ನೀವು... ನೀವು ಯಾರು?”

“ನಾನು ಯಾರಾದ್ರೂ ಆಗಿರಲಿ. ಇವಳು ಯಾರು ಅಂತ ಹೇಳ್ತೀನಿ ಕೇಳಿ. ಎಂಬ್ರಿಕ್ ಹೆಂಡತಿ.”

ಟೂರ್ಗೇರ್ ಪಕ್ಕದಲ್ಲಿದ್ದ ಸೌದೆ ಕೊರಡಿನ ಮೇಲೆ ಕುಸಿದು ಕೂತ. ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ, ಸಾವಿನ ಮನೆಗೆ ಬಂದವರ ಹಾಗೆ.

“ಏಪ್ರಿಲ್‌ನಲ್ಲಿ,” ಎಂದ ಕೊನೆಗೂ. “ಅಣೆಕಟ್ಟಿನ ದುರಸ್ತಿಗೆ ಅಂತ ಸರೋವರದ ನೀರು ಇಳಿಸಿದ್ರಲ್ಲ. ಯಾವತ್ತೂ ಕಾಣದ ತಳ ಕಂಡಿತ್ತು. ಪೊಲೀಸರು ತಿರುವಿನ ಕೆಳಗೇ ಹುಡುಕಿದ್ರು. ಇದು ಇಳಿಜಾರಲ್ಲಿ ಉರುಳಿ ಹಳೇ ಹೊಳೆ ಪಾತ್ರಕ್ಕೆ ಬಿದ್ದಿತ್ತು. ನಾನು ಬಲೆ ನೋಡೋಕೆ ಹೋದಾಗ ಕೆಸರಿಂದ ಸ್ಟೀರಿಂಗ್ ಮೇಲೆದ್ದಿತ್ತು. ಮಾರನೇ ವಾರ ಮತ್ತೆ ನೀರು ತುಂಬಿಸ್ತಾರೆ ಅಂತ ಗೊತ್ತಿತ್ತು. ಎಳೆದು ಹಾಕ್ಕೊಂಡೆ.”

“ಯಾರ ಗಾಡಿ ಅಂತ ಗೊತ್ತಿರಲಿಲ್ವಾ?”

“ಈ ಕಣಿವೇಲಿ ಯಾರಿಗೆ ಗೊತ್ತಿಲ್ಲ?”

“ಮತ್ತೆ ಯಾಕ್ರೀ ಬಾಯಿ ಬಿಡಲಿಲ್ಲ?” ಇದು ಸ್ವಾನ್‌ಹಿಲ್. ಒಳಗೆ ಬಂದಮೇಲೆ ಅವಳಾಡಿದ ಮೊದಲ ಮಾತು. “ನಾನು ಖಾಲಿ ಪೆಟ್ಟಿಗೆ ಹೂತೆ. ಖಾಲಿ ಪೆಟ್ಟಿಗೆಗೆ ಹೂವಿಟ್ಟೆ. ನೀವೂ ಬಂದಿದ್ರಿ ಅವತ್ತು, ಮುಖವನ್ನೂ ನೋಡದೇ ನನ್ನ ಕೈ ಕುಲುಕಿದ್ರಿ.”

“ಮನುಷ್ಯ ಸಿಕ್ಕಿದ್ರೆ ಹೇಳ್ತಿದ್ದೆ ತಂಗಿ. ದೇವರಾಣೆ ಹೇಳ್ತಿದ್ದೆ. ಸಿಕ್ಕಿದ್ದು ಬರೀ ಕಬ್ಬಿಣ.”

ಅವಳಿಗೆ ಬೈಯುವಷ್ಟೂ ತ್ರಾಣ ಇರಲಿಲ್ಲ. ಅವಳದು ವೃದ್ಧಾಶ್ರಮದ ಕೆಲಸ. ಬೆಳಗಾಗುವ ಮೊದಲೇ ಎದ್ದು, ಹತ್ತಾರು ಮುದುಕರನ್ನು ಎಬ್ಬಿಸಿ, ತೊಳೆದು, ಉಣಿಸಿ, ಮನೆಗೆ ಬಂದರೆ ಅಲ್ಲಿ ಮತ್ತೊಂದು ಪಾಳಿ. ಆ ಖಾಲಿ ಪೆಟ್ಟಿಗೆಯ ದಿನವೂ ಅವಳೇ ಎಲ್ಲರಿಗೂ ಕಾಫಿ ಸುರಿದಿದ್ದಳು. ಅತ್ತೆ ಬೋರ್ಗ್‌ಹಿಲ್ ಮಗನ ಪೆಟ್ಟಿಗೆಯ ಮುಂದೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಗಟ್ಟಿ ಹೆಂಗಸು, ಎಂದಿದ್ದರು ಜನ.

ಗುನ್ವೋರ್ ಈಗ ಗಾಡಿಯ ಮುಂಭಾಗಕ್ಕೆ ಬಂದಿದ್ದಳು. “ಟೂರ್ಗೇರ್, ಒಂದು ಮಾತು ನೆನಪು ಮಾಡ್ಕೊಂಡು ಹೇಳಿ. ನೀವು ಎಳೆದಾಗ ಈ ಹಲಗೆ ಮೇಲಿತ್ತಾ, ಕೆಳಗಿತ್ತಾ?”

“ಮೇಲಿತ್ತು. ಮೇಲೆತ್ತಿ ಕೊಂಡಿ ಹಾಕಿತ್ತು. ಕೆಸರಲ್ಲಿ ಎಳೆಯೋಕೆ ಅದೇ ಅನುಕೂಲ ಆಯ್ತು.”

ಗುನ್ವೋರ್ ಸ್ವಾನ್‌ಹಿಲ್ ಕಡೆ ತಿರುಗಿದಳು. ಹಿಮ ತಳ್ಳುತ್ತಿರುವವನು ಹಲಗೆಯನ್ನು ಮೇಲೆತ್ತಿ ಕೊಂಡಿ ಹಾಕಿಕೊಳ್ಳುವುದಿಲ್ಲ.

ಹಾಲ್ವಾರ್ ಮೇಲಿನ ಆರೋಪವೆಲ್ಲ ನಿಂತದ್ದೇ ಆ ಬೆಳಿಗ್ಗೆ ಎಂಬ್ರಿಕ್ ಹಿಮ ತಳ್ಳುತ್ತಿದ್ದ ಎಂಬುದರ ಮೇಲೆ. ಪ್ರತಿ ವರ್ಷ ಹಿಮ ಬೀಳುವ ಮೊದಲು ಒಂದು ಭಾನುವಾರ ಊರವರೆಲ್ಲ ಸೇರಿ ರಸ್ತೆಯ ಎರಡೂ ಅಂಚಿಗೆ ಕೆಂಪು ಕೋಲುಗಳನ್ನು ನೆಡುತ್ತಾರೆ. ಹಿಮ ಬಿದ್ದಮೇಲೆ ಹಳ್ಳವೂ ಬಿಳಿ, ರಸ್ತೆಯೂ ಬಿಳಿ. ಕೋಲು ಎಲ್ಲಿ ನಿಂತಿದೆಯೋ ಅಲ್ಲಿಯವರೆಗೆ ನೆಲ ಇದೆ ಎಂದು ನಂಬಿಯೇ ಗಾಡಿ ಓಡಿಸಬೇಕು. ತನ್ನ ಕಣ್ಣನ್ನು ನಂಬದವನೂ ಕೋಲನ್ನು ನಂಬುತ್ತಾನೆ. ಆ ಬೆಳಿಗ್ಗೆ ತಿರುವಿನ ಕೋಲುಗಳು ರಸ್ತೆಯ ಅಂಚಿನಲ್ಲಿರಲಿಲ್ಲ. ಯಾರೋ ಕಿತ್ತು ಸರೋವರದ ಕಡೆಗೆ, ಬರೀ ಹಿಮದ ರಾಶಿಯಲ್ಲಿ ನೆಟ್ಟಿದ್ದರು. ಪಕ್ಕದಲ್ಲಿ ಹಾಲ್ವಾರ್‌ನ ಹಾರೆ ಬಿದ್ದಿತ್ತು. ಕೋಲು ನೆಡುವ ಭಾನುವಾರ ಅವನೂ ಎಂಬ್ರಿಕ್ಕನೂ ದಂಡೆಯಲ್ಲಿ ದೋಣಿ ಇಡುವ ಮನೆಯ ವಿಷಯಕ್ಕೆ ಎಲ್ಲರೆದುರು ಕಾಲರ್ ಹಿಡಿದುಕೊಂಡಿದ್ದರು. ಇನ್ನೇನು ಬೇಕು?

ಹಾರೆ ತನ್ನ ಕೊಟ್ಟಿಗೆಯಿಂದ ಕಳೆದುಹೋಗಿತ್ತು ಎಂದು ಹಾಲ್ವಾರ್ ಅಂದರೆ ಯಾರು ಕೇಳುತ್ತಾರೆ. “ಅಕ್ಕಾ, ನೀನಾದ್ರೂ ನಂಬ್ತೀಯಲ್ಲ?” ಎಂದು ಹೋದ ವಾರ ಜೈಲಿನ ಗಾಜಿನಾಚೆಯಿಂದ ಕೇಳಿದ್ದ. ನಂಬ್ತೀನಿ ಎಂದಿದ್ದಳು. ಹಾಗೆ ಹೇಳುವಾಗ ಅವನ ಮುಖ ನೋಡಲಿಕ್ಕೆ ಆಗಿರಲಿಲ್ಲ.

“ಇನ್ನೊಂದಿದೆ,” ಎಂದ ಟೂರ್ಗೇರ್ ನೆಲ ನೋಡುತ್ತ. “ಹೇಗೂ ಮುಳುಗಿದೀನಿ, ಎಲ್ಲಾ ಹೇಳಿಬಿಡ್ತೀನಿ.”

ಅವನು ಎದ್ದು ಗಾಡಿಯ ಸೀಟನ್ನು ಮುಂದಕ್ಕೆ ಮಗುಚಿದ. ಅಡಿಯಲ್ಲಿ ಒಂದು ಸ್ಪ್ರಿಂಗು, ಸ್ಪ್ರಿಂಗಿನ ಪಕ್ಕ ಹೆಬ್ಬೆರಳಿನಷ್ಟು ಒಂದು ಗುಂಡಿ.

“ಇದನ್ನ ಒತ್ತಿ ಕಟ್ಟಿದ್ರು. ನಾನೇ ಬಿಚ್ಚಿದ್ದು.”

ಆ ಗುಂಡಿ ಏನೆಂದು ಸ್ವಾನ್‌ಹಿಲ್‌ಗೆ ಚೆನ್ನಾಗಿ ಗೊತ್ತಿತ್ತು. ಸೀಟಿನ ಮೇಲೆ ಆಳಿನ ಭಾರ ಬೀಳದೆ ಗಾಡಿ ಒಂದು ಗೇಣೂ ಕದಲದು. ರಸ್ತೆಗೆ ಬಿದ್ದ ಕೊಂಬೆ ಸರಿಸಲು ಎಂಬ್ರಿಕ್ ಸ್ವಲ್ಪ ಎದ್ದರೂ ಸಾಕು, ಸದ್ದಿಲ್ಲದ ಗಾಡಿ ಸದ್ದಿಲ್ಲದೇ ಸತ್ತುಹೋಗುತ್ತಿತ್ತು. “ನೀನು ನಮ್ಮಮ್ಮನ ಥರ, ಒಂದು ಕ್ಷಣ ಬಿಟ್ಟಿರಲ್ಲ” ಎಂದು ಅದಕ್ಕೆ ಬೈಯುತ್ತಿದ್ದ.

“ಗುಂಡಿ ಒತ್ತಿ ಕಟ್ಟಿ, ವೇಗದ ಹಿಡಿಕೆ ಮುಂದಕ್ಕೆ ಸಿಕ್ಕಿಸಿದ್ರೆ,” ಗುನ್ವೋರ್ ತನಗೇ ಎಂಬಂತೆ ಹೇಳಿಕೊಂಡಳು, “ಗಾಡಿ ತಾನಾಗೇ ಹೋಗತ್ತೆ. ಕೂತವರು ಯಾರೂ ಇಲ್ಲದೇ.” ಅವಳ ದನಿ ಏರಿತು. “ಯಾರೂ ಇಲ್ಲದೇ ಕಣೇ, ಸ್ವಾನ್‌ಹಿಲ್! ಅವನು ಇದರ ಮೇಲೆ ಇರಲೇ ಇಲ್ಲ. ಹಿಮ ತಳ್ಳಲೂ ಇಲ್ಲ, ಕೋಲು ನಂಬಲೂ ಇಲ್ಲ, ಮುಳುಗಲೂ ಇಲ್ಲ. ಇದನ್ನ ಸೋಮವಾರ ಮುಂದಿಟ್ಟರೆ ನಿನ್ನ ತಮ್ಮ ಹೊರಗೆ ಬರ್ತಾನೆ!”

ತಮ್ಮ ಹೊರಗೆ ಬರುತ್ತಾನೆ. ಈ ಮಾತು ಕೇಳುವುದಕ್ಕೆಂದೇ ಅವಳು ಇಷ್ಟು ತಿಂಗಳು ನಿಂತಿದ್ದಳು. ಕೇಳಿದಮೇಲೆ ಎದೆಯೊಳಗೆ ಏನೂ ಏಳಲಿಲ್ಲ. ಮುಳುಗದ ಗಂಡ ಎಲ್ಲಿ ಹೋದ?

“ಏನಿಂದ ಕಟ್ಟಿದ್ರು?” ಎಂದು ಕೇಳಿದಳು.

ಟೂರ್ಗೇರ್ ಗೋಡೆಯ ಮೊಳೆಗೆ ನೇತುಹಾಕಿದ್ದ ಹಗ್ಗ, ತಂತಿಗಳ ನಡುವಿನಿಂದ ಒಂದು ಚಿಕ್ಕ ಪಟ್ಟಿ ತಂದುಕೊಟ್ಟ. ಹಿಮದ ಮೇಲೆ ಜಾರಾಡುವ ಸ್ಕೀ ಹಲಗೆಗಳ ಜೋಡಿಯನ್ನು ಸೇರಿಸಿ ಬಿಗಿಯುವ ಪಟ್ಟಿ. ಮಕ್ಕಳದು. ಹಳದಿ ಬಣ್ಣ ನೀರಲ್ಲಿ ಮಾಸಿತ್ತು. ಅದರ ತುದಿಯಲ್ಲಿ ಇಸ್ತ್ರಿ ಹಾಕಿ ಅಂಟಿಸಿದ ಹೆಸರಿನ ತುಂಡು ಮಾತ್ರ ಮಾಸಿರಲಿಲ್ಲ.

ರಾಗ್ನಾ.

ಅವಳ ಮಗಳು. ಅಂಟಿಸಿದ್ದು ಅವಳೇ. ಶಾಲೆಗೆ ಹೋಗುವ ಪ್ರತಿಯೊಂದು ಕೈಗವಸಿಗೆ, ಟೋಪಿಗೆ, ಊಟದ ಡಬ್ಬಿಗೆ.

ಎಂಬ್ರಿಕ್ ಮಾಯವಾದ ಆ ಬೆಳಿಗ್ಗೆ ರಾಗ್ನಾಳ ಶಾಲೆಯಲ್ಲಿ ಹಿಮಜಾರಾಟದ ದಿನ. ಪಟ್ಟಿ ಸಿಗಲಿಲ್ಲ. ರಾತ್ರಿ ತಾನೇ ಕೈಯಾರೆ ಬಾಗಿಲ ಬಳಿಯ ಗೂಟಕ್ಕೆ ಹಾಕಿದ್ದೆ ಎಂದು ಮಗು ಅತ್ತಿತ್ತು. ಕೆಲಸಕ್ಕೆ ಹೊತ್ತಾಗುತ್ತಿತ್ತು. ಸ್ವಾನ್‌ಹಿಲ್ ಅವಳ ರಟ್ಟೆ ಹಿಡಿದು ಅಲುಗಿಸಿ ಬೈದಿದ್ದಳು. ಇಟ್ಟದ್ದು ಇಟ್ಟಲ್ಲಿ ಇಲ್ಲ ಅಂದ್ರೆ ಏನು, ನಡೆದುಕೊಂಡು ಹೋಯ್ತಾ?

ಹೌದು. ನಡೆದುಕೊಂಡು ಹೋಗಿತ್ತು.

“ಇದು ನಿಮ್ಮ ಮನೇದು,” ಗುನ್ವೋರ್ ಮೆಲ್ಲಗೆ ಹೇಳಿದಳು. ಈಗ ಅವಳ ದನಿಯಲ್ಲಿ ಆ ಉತ್ಸಾಹ ಇರಲಿಲ್ಲ. “ಹಾಲ್ವಾರ್ ಜಗಳ ಆದ್ಮೇಲೆ ನಿಮ್ಮ ಮನೆಗೆ ಬಂದಿದ್ನಾ?”

“ಇಲ್ಲ. ಹೊಸ್ತಿಲು ತುಳಿದಿರಲಿಲ್ಲ.”

“ಮನೇಲಿ ಇದ್ದೋರು ಯಾರ್ಯಾರು?”

“ನಾನು. ಅವನು. ಮಗು.” ಸ್ವಲ್ಪ ತಡೆದು ಸೇರಿಸಿದಳು, “ಅಂಗಳದಾಚೆ ಚಿಕ್ಕಮನೇಲಿ ಅತ್ತೆ.”

“ನೋಡು, ನಿನ್ನತ್ರ ಮುಚ್ಚಿಡಲ್ಲ. ಇದನ್ನ ಮುಂದಿಟ್ಟ ದಿನ ನಿನ್ನನ್ನೂ ಕೇಳ್ತಾರೆ. ನೀನೇ ಕೊಂದೆಯಾ ಅಂತ ಕೇಳ್ತಾರೆ. ಇಲ್ಲ ಅಂದ್ರೆ ಅವನೇ ಕೋಲು ಕಿತ್ತು, ಹಾರೆ ಎಸೆದು, ಗಾಡಿ ಬಿಟ್ಟು, ನಿಮ್ಮೆಲ್ಲರನ್ನೂ ಬಿಟ್ಟು ಹೋದ ಅಂತ ಆಗತ್ತೆ. ಎರಡರಲ್ಲಿ ಒಂದು. ಮೂರನೇದು ನನಗಂತೂ ಕಾಣ್ತಿಲ್ಲ.”

ಸ್ವಾನ್‌ಹಿಲ್ ಮಗುಚಿದ ಸೀಟನ್ನು ಮತ್ತೆ ಇಳಿಸಿ ಅದರ ಮೇಲೆ ಕೂತಳು. ಸತ್ತ ಗಂಡನಿಗಾಗಿ ಅಳುವುದು ಅವಳಿಗೆ ರೂಢಿಯಾಗಿತ್ತು. ಬಟ್ಟೆ ಮಡಚುವಾಗ, ಆಲೂಗಡ್ಡೆ ಸುಲಿಯುವಾಗ, ಕಾರಿನಲ್ಲಿ ಒಬ್ಬಳೇ ಇದ್ದಾಗ. ಬದುಕಿರುವ ಗಂಡನಿಗಾಗಿ ಹೇಗೆ ಅಳಬೇಕೆಂದು ತಿಳಿಯಲಿಲ್ಲ. ರಾಗ್ನಾ ಮೊದಮೊದಲು ದಿನವೂ ಅಪ್ಪ ಎಂದು ಅಳುತ್ತಿದ್ದಳು. ವಸಂತ ಬರುವ ಹೊತ್ತಿಗೆ ಅದೇನೋ, ಅಳುವುದು ನಿಂತೇಹೋಯಿತು. ಮಕ್ಕಳು ಬೇಗ ಮರೆಯುತ್ತಾರೆ ಎಂದುಕೊಂಡಿದ್ದಳು. ಅದಕ್ಕೂ ಹೊಟ್ಟೆಕಿಚ್ಚು ಪಟ್ಟಿದ್ದಳು.

ಗುನ್ವೋರ್ ಚಾಪೆ ಹಾಸಿ ಗಾಡಿಯ ಕೆಳಗೆ ಮಲಗಿದಳು. ವೇಗದ ಹಿಡಿಕೆಯ ಸರಳು ಎಲ್ಲಿ ಸಿಕ್ಕಿಕೊಂಡಿತ್ತು ಎಂದು ನೋಡಬೇಕಿತ್ತು, ಫೋಟೋ ತೆಗೆಯಬೇಕಿತ್ತು. ಅವಳ ಎರಡು ಬೂಟುಗಳು ಮಾತ್ರ ಹೊರಗಿದ್ದವು.

“ನನ್ನನ್ನೂ ಹಿಡೀತಾರಾ ಅಕ್ಕಾ?” ಟೂರ್ಗೇರ್ ಬೂಟುಗಳನ್ನು ಕೇಳಿದ.

“ಕೋರ್ಟಲ್ಲಿ ಬಂದು ಇಷ್ಟೂ ಹೇಳಿ. ಆಮೇಲೆ ನೋಡೋಣ.”

“ಹೇಳ್ತೀನಿ. ಆದ್ರೆ ಒಂದು ವಿಚಾರ ನನಗೆ ತಲೆ ಕೊರೀತಿದೆ. ಜಾಹೀರಾತು ಹಾಕಿದ ದಿನ ಸಾಯಂಕಾಲ ಒಬ್ಬರು ಫೋನ್ ಮಾಡಿದ್ರು. ಎಷ್ಟು ಅಂತ ಕೇಳಲಿಲ್ಲ, ಬ್ಯಾಟರಿ ಹೇಗಿದೆ ಅಂತ ಕೇಳಲಿಲ್ಲ. ಸೀಟಿನ ಕೆಳಗೆ ಏನಾದ್ರೂ ಸಿಕ್ತಾ ಅಂತ ಕೇಳಿದ್ರು. ಸಿಕ್ತು ಅಂದೆ. ಇಟ್ಟುಬಿಟ್ರು.”

ಗಾಡಿಯ ಕೆಳಗಿನ ಟಾರ್ಚಿನ ಬೆಳಕು ನಿಶ್ಚಲವಾಯಿತು.

“ಗಂಡಸಾ, ಹೆಂಗಸಾ?”

“ಗಂಡಸು. ನಮ್ಮ ಕಡೆಯೋನೇ, ಮಾತು ಕೇಳಿದ್ರೆ ಗೊತ್ತಾಗತ್ತಲ್ಲ.”

“ನಂಬರ್ ಇದೆಯಾ?”

“ಇದೆ, ಇದೆ. ಫೋನಲ್ಲೇ ಇದೆ.”

“ಸ್ವಾನ್‌ಹಿಲ್, ನನ್ನ ಕೈಯೆಲ್ಲ ಗ್ರೀಸು. ನೀನೇ ತಗೊಂಡು ಆ ನಂಬರಿಗೆ ಹಚ್ಚು. ಮಾತಾಡಬೇಡ. ಯಾರು ಎತ್ತುತ್ತಾರೆ ಕೇಳಿಸ್ಕೋ, ಸಾಕು.”

ಟೂರ್ಗೇರ್ ಹುಡುಕಿ, ಆ ನಂಬರು ತೋರಿಸಿ, ಫೋನನ್ನು ಅವಳ ಕೈಗಿಟ್ಟ. ಆಮೇಲೆ, ಕೊನೆಗೂ ಏನಾದರೂ ಒಳ್ಳೆಯದು ಮಾಡಬೇಕೆನ್ನುವವನ ಹಾಗೆ, ಕಾಫಿ ತರಲು ಹೊರಗೆ ನಡೆದ.

ಸ್ವಾನ್‌ಹಿಲ್ ನಂಬರು ನೋಡಿದಳು.

ಅದನ್ನು ಓದಬೇಕಾಗಿರಲಿಲ್ಲ. ದೊಡ್ಡ ದೊಡ್ಡ ಗುಂಡಿಗಳ ಆ ಫೋನನ್ನು ಅತ್ತೆಗೆ ತಂದುಕೊಟ್ಟವಳು ಅವಳೇ. ಆ ನಂಬರನ್ನು ಚೀಟಿಯಲ್ಲಿ ಬರೆದು ತನ್ನ ಅಡುಗೆಮನೆಯ ಫ್ರಿಜ್ಜಿಗೆ ಅಂಟಿಸಿದವಳೂ ಅವಳೇ.

ಮಾರ್ಚಿನ ಒಂದು ಬೆಳಿಗ್ಗೆ ಕಣ್ಣ ಮುಂದೆ ಬಂತು. ರಾತ್ರಿಯಿಡೀ ಹಿಮ ಸುರಿದಿತ್ತು. ಅತ್ತೆಯ ಮೆಟ್ಟಿಲುಗಳು ಮಾತ್ರ ಅಂಚಿನವರೆಗೂ ಚೊಕ್ಕಟವಾಗಿ ಗುಡಿಸಿದ್ದವು. ಸೊಂಟ ಮುರಿದ ಮುದುಕಿ ಅದು ಹೇಗೆ ಗುಡಿಸಿದಳೋ ಎಂದು ಬೆರಗಾಗಿ, ಕೆಲಸಕ್ಕೆ ಹೊತ್ತಾಯಿತೆಂದು ಕಾರು ಹತ್ತಿದ್ದಳು.

ಇವತ್ತು ಬೆಳಿಗ್ಗೆ ಹೊರಡುವಾಗ ರಾಗ್ನಾಳನ್ನು ಬಿಟ್ಟುಬಂದದ್ದೂ ಅದೇ ಮನೆಯಲ್ಲಿ. ಬಿಡುವುದೇನು, ಮಗುವೇ ಓಡಿತ್ತು. ಈಚೆಗೆ ಅಜ್ಜಿಯ ಮನೆಯೆಂದರೆ ಹಾಗೇ ಓಡುತ್ತಾಳೆ.

ಬೆರಳು ಒತ್ತಿತು. ಗಂಟೆ ಹೋಯಿತು. ಮತ್ತೆ ಹೋಯಿತು. ಯಾರೋ ಎತ್ತಿದರು.

ಮಾತಿಲ್ಲ. ಉಸಿರು. ಮೂಗು ಸ್ವಲ್ಪ ಕಟ್ಟಿದ ಹಾಗಿನ, ಹನ್ನೊಂದು ವರ್ಷ ಅವಳ ಪಕ್ಕದ ದಿಂಬಿನ ಮೇಲಿದ್ದ ಉಸಿರು. ಅದರ ಹಿಂದೆ ಅತ್ತೆಯ ಗೋಡೆ ಗಡಿಯಾರದ ಟಿಕ್ ಟಿಕ್. ಅದರ ಹಿಂದೆ, ಬಾಯಲ್ಲಿ ಏನನ್ನೋ ತುಂಬಿಕೊಂಡು, ಖುಷಿಯಾಗಿ, ತೀರಾ ಮಾಮೂಲಿಯಾಗಿ, ಮಗಳ ದನಿ:

“ಅಪ್ಪಾ, ಯಾರದು?”

ಫೋನ್ ಕಡಿದುಹೋಯಿತು.

ಕೊಟ್ಟಿಗೆಯ ಬಾಗಿಲಾಚೆ ಟೂರ್ಗೇರ್ ಲೋಟಗಳನ್ನು ಜೋಡಿಸುವ ಸದ್ದು. ಎಲ್ಲೋ ದೂರದ ಜೈಲಿನಲ್ಲಿ ಒಂದು ಗಾಜು, ಗಾಜಿನಾಚೆ ತಮ್ಮ. ಅಂಗೈಯಲ್ಲಿ ಮಾಸಿದ ಹಳದಿ ಪಟ್ಟಿ, ಅದರ ಮೇಲೆ ತಾನೇ ಇಸ್ತ್ರಿ ಹಾಕಿದ ಹೆಸರು. ಆ ಹೆಸರಿನವಳಿಗೆ ಎಷ್ಟು ತಿಂಗಳಿಂದ ಗೊತ್ತಿತ್ತು? ಅವಳಿಗೆ ಸುಮ್ಮನಿರಲು ಕಲಿಸಿದವರು ಯಾರು?

“ಏನಾಯ್ತೇ?” ಗಾಡಿಯ ಕೆಳಗಿನಿಂದ ಗುನ್ವೋರ್ ಕೂಗಿದಳು. “ಯಾರು ಎತ್ತಿದ್ರು?”

ಸ್ವಾನ್‌ಹಿಲ್ ಬಾಯಿ ತೆರೆದಳು. ಹಾಲ್ವಾರ್‌ನ ಮುಖ ನೆನೆಸಿಕೊಳ್ಳಲು ನೋಡಿದಳು. ಬಂದದ್ದು ರಾಗ್ನಾಳ ನಗು.

“ಯಾರೂ ಎತ್ತಲಿಲ್ಲ,” ಎಂದಳು.

ಅವಳ ಹೆಬ್ಬೆರಳು ಆಗಲೇ ಆ ನಂಬರನ್ನು ಅಳಿಸಿಹಾಕಿತ್ತು.